ಅರ್ಧ ಕಪ್ಪು ಗಾಜು, ಹಿಂದಿನ ಸಾಲು

ಪ್ಲೆಸೆಂಟನ್ನಿನ ಯೋಗಾನಂದನಿಗೆ ಆಕಾಶದ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ಮನೆಯಲ್ಲೇ ಬ್ರೆಡ್ಡು ಮಾಡುವ ಹುಚ್ಚು, ಅದಕ್ಕೂ ಮುಂಚೆ ಹಿತ್ತಿಲಲ್ಲಿ ಜೇನು ಸಾಕುವ ಹುಚ್ಚು. ಬ್ರೆಡ್ಡು ಉಬ್ಬಲಿಲ್ಲ. ಜೇನುಹುಳಗಳು ಇವನ ಪೆಟ್ಟಿಗೆ ಬಿಟ್ಟು ಪಕ್ಕದ ಮನೆಯವರ ಬಾರ್ಬೆಕ್ಯೂ ಒಲೆಯಲ್ಲಿ ಸಂಸಾರ ಹೂಡಿದವು. ಆಕಾಶ ಒಂದೇ, ಪುಣ್ಯಕ್ಕೆ, ಇವನು ಎಷ್ಟು ಕಾಟ ಕೊಟ್ಟರೂ ಬಿಟ್ಟು ಹೋಗದೆ ಇದ್ದಲ್ಲೇ ಇತ್ತು.

ಆಫೀಸಿನಲ್ಲಿ ಅವನದು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಹದಿನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿ ಹುಡುಕಿ, ತಾನೂ ತಪ್ಪು ಮಾಡಬಹುದು ಎಂಬ ಸಂಗತಿ ಮರೆತೇ ಹೋಗಿತ್ತು. ಶನಿವಾರವಾದರೆ ಕ್ಯಾಮೆರಾ ಹೆಗಲಿಗೆ ಹಾಕಿ, ಮೂರು ಕಾಲಿನ ಸ್ಟ್ಯಾಂಡು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಮುದ್ರದ ದಂಡೆಗೆ ಹೊರಟುಬಿಡುತ್ತಿದ್ದ. ಅವನ ಚಿತ್ರಗಳಲ್ಲಿ ಬಂಡೆ ಇರುತ್ತಿತ್ತು, ಅಲೆ ಇರುತ್ತಿತ್ತು, ಆಕಾಶವಂತೂ ಇದ್ದೇ ಇರುತ್ತಿತ್ತು, ಮನುಷ್ಯರು ಇರುತ್ತಿರಲಿಲ್ಲ. ಯಾರಾದರೂ ನಾಯಿ ಹಿಡಿದುಕೊಂಡು ಅಡ್ಡ ಬಂದರೆ, ಅವರೂ ಅವರ ನಾಯಿಯೂ ಚುಕ್ಕೆಯಾಗಿ ಮಾಯವಾಗುವ ತನಕ ಕೈಕಟ್ಟಿ ಕಾಯುತ್ತಿದ್ದ.

ಅವನ ಸಾಮಾನಿನಲ್ಲೆಲ್ಲ ಅಚ್ಚುಮೆಚ್ಚಾದದ್ದು ಒಂದು ಗಾಜು. ಅಂಗೈಗಿಂತ ಒಂದಿಷ್ಟು ದೊಡ್ಡದು. ಮೇಲರ್ಧ ಕೂಲಿಂಗ್ ಗ್ಲಾಸಿನಂತೆ ಕಪ್ಪು, ಕೆಳಗರ್ಧ ಬಾವಿ ನೀರಿನಂತೆ ತಿಳಿ, ನಡುವೆ ಕಪ್ಪು ಮೆಲ್ಲಗೆ ಕರಗಿ ತಿಳಿಯೊಳಗೆ ಸೇರಿಹೋಗುತ್ತಿತ್ತು. ಗ್ರ್ಯಾಜುಯೇಟೆಡ್ ಎನ್‌ಡಿ ಫಿಲ್ಟರ್ ಎಂದು ಅದರ ಪೂರ್ತಿ ಹೆಸರು. ಸಂಜೆ ಹೊತ್ತು ಆಕಾಶದಲ್ಲಿ ಬೆಳಕು ಹೆಚ್ಚು, ನೆಲದ ಮೇಲೆ ಕಮ್ಮಿ. ನೆಲ ಕಾಣಿಸಲಿ ಅಂತ ಬೆಳಕು ಬಿಟ್ಟರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತದೆ. ಆಕಾಶಕ್ಕೆ ಹೊಂದಿಸಿದರೆ ನೆಲ ಮಸಿಕುಡಿಕೆಯಾಗುತ್ತದೆ. ಈ ಗಾಜನ್ನು ಲೆನ್ಸಿನ ಮುಂದಿನ ಚೌಕಟ್ಟಿನಲ್ಲಿ ಜಾರಿಸಿ, ಕಪ್ಪು ಭಾಗ ಆಕಾಶದ ಮೇಲೆ ಕೂರುವ ಹಾಗೆ ಇಟ್ಟರೆ ಎರಡೂ ತಮ್ಮ ತಮ್ಮ ಬಣ್ಣದಲ್ಲಿ ಮೂಡುತ್ತವೆ. ಇದಕ್ಕೆ ಯೋಗಾನಂದ “ಆಕಾಶ ಹಿಡಿಯೋದು” ಅನ್ನುತ್ತಿದ್ದ. ಆ ಮಾತು ಹೇಳುವಾಗ ಅವನ ಬಲಗೈ ತಾನಾಗಿಯೇ ಮೇಲಕ್ಕೆ ಹೋಗಿ, ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡು ಬರುತ್ತಿತ್ತು.

ಹೀಗಿರುವಾಗ ಅವನ ಹೆಂಡತಿ ನವ್ಯಾಳ ತಮ್ಮ ಲೋಹಿತ್ ಒಂದು ಹುಡುಗಿಯನ್ನು ಮೆಚ್ಚಿಕೊಂಡ. ಹೆಸರು ಮಾನ್ಯಾ. ಎಮರಿವಿಲ್ಲಿನ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ, ಬೊಂಬೆಗಳ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು ಅಂತ ತೀರ್ಮಾನ ಮಾಡುವುದು ಅವಳ ಉದ್ಯೋಗ. ತಂದೆ ಡಾಕ್ಟರ್ ವಾಸುದೇವ, ತಾಯಿ ಮೈಥಿಲಿ. ಮೂಲ ಮೈಸೂರು, ಈಗ ಮೂವತ್ತು ವರ್ಷದಿಂದ ಸ್ಯಾನ್ ಮಟಿಯೋ. ಅವರ ಅಡಿಗೆಮನೆಗೆ ಮೊಟ್ಟೆಗೂ ಪ್ರವೇಶವಿಲ್ಲ. ಲೋಹಿತನ ಅಪ್ಪ ಶಿವರಾಮು, ಅವ್ವ ಹುಚ್ಚಮ್ಮ ಮಂಡ್ಯದ ಕಡೆಯವರು; ಅವರ ಮನೆಯಲ್ಲಿ ಭಾನುವಾರ ಕೋಳಿ ಬೇಯಲಿಲ್ಲವೆಂದರೆ ಯಾರಿಗೋ ಹುಷಾರಿಲ್ಲ ಅಂತ ಅರ್ಥ. ಹಿರಿಯರಿಬ್ಬರೂ ಆರು ತಿಂಗಳ ವೀಸಾದ ಮೇಲೆ ಬಂದು ಮಗಳ ಮನೆಯಲ್ಲಿದ್ದರು. ವಾಪಸ್ಸು ಹೊರಡಲು ಮೂರೇ ವಾರ ಉಳಿದಿತ್ತು. ಅಷ್ಟರೊಳಗೆ ಎರಡು ಮನೆಯವರೂ ಹೂಂ ಅಂದರೆ ಮದುವೆ, ಇಲ್ಲದಿದ್ದರೆ ಇಲ್ಲ. ಹುಚ್ಚಮ್ಮ ಫೋನಿನಲ್ಲಿ ಸಂಬಂಧ ಕುದುರಿಸುವ ಹೆಂಗಸಲ್ಲ.

ಹಾಗಾಗಿ ಎರಡು ಕಡೆಯವರೂ ಎರಡು ಕೈಯಲ್ಲೂ ತುಂಬಿದ ಲೋಟ ಹಿಡಿದವರ ಹಾಗೆ ಓಡಾಡುತ್ತಿದ್ದರು. ಸ್ಯಾನ್ ಮಟಿಯೋದ ಮೊದಲ ಊಟದಲ್ಲಿ ಹವೆಯ ವಿಷಯ ಮುಗಿಯಿತು, ಟ್ರಾಫಿಕ್ಕಿನ ವಿಷಯ ಮುಗಿಯಿತು, ಇನ್ನೇನು ಮಾತಾಡಬೇಕೆಂದು ಎಲ್ಲರೂ ತಟ್ಟೆ ನೋಡುತ್ತ ಕೂತರು. ಆಗ ಡಾಕ್ಟರು ಯೋಗಾನಂದನತ್ತ ತಿರುಗಿ, “ನೀವು ಫೋಟೋ ತೆಗೀತೀರಂತೆ. ಆಮೇಲೆ ಕಂಪ್ಯೂಟರಲ್ಲಿ ಹಾಕಿ ಸರಿ ಮಾಡ್ತೀರಾ?” ಎಂದು ಕೇಳಿದರು.

ಯೋಗಾನಂದ ಚಮಚ ಕೆಳಗಿಟ್ಟ.

“ಸರಿ ಮಾಡೋದಾ ಸಾರ್? ನನ್ನ ಫೋಟೋದಲ್ಲಿ ಕಪ್ಪಿದ್ರೆ ಅದು ನಾನಿಟ್ಟ ಕಪ್ಪು, ಬೆಳಕಿದ್ರೆ ನಾನಿಟ್ಟ ಬೆಳಕು. ಬೇಕಂತ ಇಡದೇ ಇರೋದು ಒಂದು ಚುಕ್ಕೆನೂ ಇರಲ್ಲ.”

ಡಾಕ್ಟರು ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಲ್ಲಿ ಕೂತವರ ಹಾಗೆ ತಲೆದೂಗಿದರು. “ನೋಡಿದ್ಯಾ ಮೈಥಿಲಿ? ಇದನ್ನೇ ನಾನು ಸಾಧನೆ ಅನ್ನೋದು.”

ಹುಚ್ಚಮ್ಮನಿಗೆ ಚುಕ್ಕೆಯೂ ಅರ್ಥವಾಗಲಿಲ್ಲ, ಸಾಧನೆಯೂ ಅರ್ಥವಾಗಲಿಲ್ಲ. ಆದರೆ ದೊಡ್ಡ ಡಾಕ್ಟರು ತಮ್ಮ ಅಳಿಯನ ಮಾತಿಗೆ ತಲೆ ಆಡಿಸಿದ್ದು ಕಂಡಿತು. ವಾಪಸ್ಸು ಬರುವಾಗ ಕಾರಿನಲ್ಲಿ, “ನಮ್ಮ ಅಳೀಮಯ್ಯನಿಂದ ಇವತ್ತು ನಮ್ಮ ಕಡೆ ಒಸಿ ತೂಕ ಬಂತು” ಅಂದರು. ಯೋಗಾನಂದ ಆ ತೂಕವನ್ನು ಮನೆ ತಲುಪುವ ತನಕ ಸ್ಟೀರಿಂಗಿನ ಹಿಂದೆ ನೆಟ್ಟಗೆ ಕೂತು ಹೊತ್ತ.

ಎರಡನೇ ವಾರಕ್ಕೆ ಸಂಬಂಧ ಹದಕ್ಕೆ ಬಂತು. ಎಲ್ಲರೂ ಸೇರಿ ಹಾಫ್ ಮೂನ್ ಬೇ ಕಡೆ ಸಮುದ್ರ ನೋಡಿ ಬರೋಣ, ಅಲ್ಲೊಂದು ಫೋಟೋ ತೆಗೆಸಿ ಎರಡು ಕಡೆಯ ನೆಂಟರಿಗೂ ಕಳಿಸಿಬಿಡೋಣ, ನೆಂಟರು ಒಳ್ಳೇದು ಅಂದರೆ ಮುಂದಿನ ಮಾತು ಎಂದು ತೀರ್ಮಾನವಾಯಿತು. ಫೋಟೋ ಯಾರು ತೆಗೆಯಬೇಕು ಎನ್ನುವ ಪ್ರಶ್ನೆಯೇ ಏಳಲಿಲ್ಲ.

ದಂಡೆಯ ಮೇಲಿನ ದಿಬ್ಬದಲ್ಲಿ ಒಂದೇ ಒಂದು ಬೆಂಚು. ಕೂರಬಹುದಾದವರು ನಾಲ್ಕು ಜನ, ಫೋಟೋದಲ್ಲಿ ಬರಬೇಕಾದವರು ಏಳು. ಅಲ್ಲಿಂದ ಶುರುವಾಯಿತು ನೋಡಿ ಉಪಚಾರ.

“ನೀವು ಕೂತ್ಕೊಳ್ಳಿ ಶಿವರಾಮು ಅವರೇ, ಗಂಡಿನ ಕಡೆಯವರು.”

“ಎಲ್ಲಾರಾ ಉಂಟಾ ಡಾಕ್ಟ್ರೆ! ಹೆಣ್ಣು ಕೊಡೋರನ್ನ ನಿಲ್ಲಿಸಿ ನಾವು ಕೂತ್ಕಂಡ್ರೆ ಊರಲ್ಲಿ ಏನಂತಾರೆ?”

“ಹುಚ್ಚಮ್ಮನವರಾದ್ರೂ ಕೂತ್ಕೊಳ್ಳಲಿ, ಮಂಡಿನೋವು ಅಂತಿದ್ರಿ.”

“ನಂಗೆ ಕೂತ್ರೇನೇ ಮಂಡಿ ಹಿಡ್ಕೊಳ್ಳದು ಮೈಥಿಲಮ್ಮ. ನೀವು ಕೂತ್ಕಳಿ.”

ಇಪ್ಪತ್ತು ನಿಮಿಷ ಬೆಂಚು ಖಾಲಿಯಿತ್ತು. ಸೂರ್ಯ ಯಾರ ಉಪಚಾರಕ್ಕೂ ಕಾಯದೆ ಇಳಿಯುತ್ತಿದ್ದ. ಕೊನೆಗೆ ಶಿವರಾಮು ಡಾಕ್ಟರ ಎರಡು ಭುಜ ಹಿಡಿದು ಕೂರಿಸಿಯೇಬಿಟ್ಟರು. ಹೆಣ್ಣಿನ ಕಡೆಯ ಮೂವರು ಮುಂದೆ ಬೆಂಚಿನ ಮೇಲೆ. ಶಿವರಾಮು, ಹುಚ್ಚಮ್ಮ, ನವ್ಯಾ, ಲೋಹಿತ್ ಹಿಂದೆ ನಿಂತರು. ಎಲ್ಲರ ಬೆನ್ನಿಗೆ ಸಮುದ್ರ, ಸಮುದ್ರದ ಮೇಲೆ ಉರಿಯುವ ಆಕಾಶ.

ಯೋಗಾನಂದ ಕ್ಯಾಮೆರಾದಲ್ಲಿ ಇಣುಕಿದ. ಅವನ ಎದೆ ಧಸಕ್ ಅಂದಿತು. ಏಳು ಜನರನ್ನು ನೋಡಿ ಅಲ್ಲ. ಎರಡು ವರ್ಷದಿಂದ ಅವನು ಕಾಯುತ್ತಿದ್ದ ಆಕಾಶ ಅವತ್ತು ಬಂದಿತ್ತು! ಕೆಳಗೆ ಕುಂಕುಮ, ನಡುವೆ ಮಾವಿನಹಣ್ಣು, ಮೇಲೆ ನೇರಳೆ. ಬೆಳಕಿನ ಅಂದಾಜನ್ನು ಮುಂದಿದ್ದ ಮೈಥಿಲಿಯವರ ಕೆನೆಬಣ್ಣದ ರೇಷ್ಮೆ ಸೀರೆಗೆ ಹೊಂದಿಸಿದ. ಗಾಜು ತೆಗೆದು, ಉಸಿರು ಬಿಗಿಹಿಡಿದು, ಚೌಕಟ್ಟಿನಲ್ಲಿ ಜಾರಿಸಿದ. ಕಪ್ಪಿನ ಗಡಿ ಸರಿಯಾಗಿ ನಿಂತವರ ಎದೆಯ ಮಟ್ಟಕ್ಕೆ ಬಂದು ಕೂತಿತು. ಕ್ಲಿಕ್ಕಿಸಿದ. ಹಿಂದಿನ ಪರದೆಯಲ್ಲಿ ಆಕಾಶವನ್ನು ದೊಡ್ಡದು ಮಾಡಿ, ಎಡ ಮೂಲೆ ನೋಡಿದ, ಬಲ ಮೂಲೆ ನೋಡಿದ. ಒಂದು ಮೋಡವೂ ಸುಟ್ಟಿರಲಿಲ್ಲ. ಅವನ ಫೋಟೋದಲ್ಲಿ ಸರಿ ಮಾಡುವಂಥದ್ದು ಏನೂ ಇರುವುದಿಲ್ಲವಲ್ಲ, ನಿಂತ ನಿಲುವಿನಲ್ಲೇ ಫೋನಿಗೆ ಹಾಕಿ ಎರಡು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟ. ಎರಡು ಮನೆಯವರೂ ಅದನ್ನು ಅಷ್ಟೇ ನಂಬಿಕೆಯಿಂದ, ನೋಡದೆ, ಮಂಡ್ಯಕ್ಕೂ ಮೈಸೂರಿಗೂ ರವಾನಿಸಿ ಊಟಕ್ಕೆ ಹೋದರು.

ಸೋಮವಾರ ಬೆಳಿಗ್ಗೆ ಅಡಿಗೆಮನೆಗೆ ಬಂದಾಗ ಯೋಗಾನಂದ ಕಂಡದ್ದು ಇದು: ಹುಚ್ಚಮ್ಮ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಬೆರಳಿನಲ್ಲಿ ಹಿಗ್ಗಿಸುತ್ತ, ಒಮ್ಮೆ ಸೆರಗಿನಲ್ಲಿ ಒರೆಸುತ್ತ ನಿಂತಿದ್ದರು. ಒರೆಸಿದರೆ ಹೋಗುವ ಕಪ್ಪಲ್ಲ ಅದು.

“ಅಳೀಮಯ್ಯ, ಇದ್ಯಾರು, ಈ ನೆಳ್ಳು?”

“ಅದು... ನೀವು ಅತ್ತೆ.”

“ಪಕ್ಕದಲ್ಲಿ?”

“ಮಾವ.”

ಮುಂದಿನ ಸಾಲಿನಲ್ಲಿ ಡಾಕ್ಟರ ಮನೆಯವರು ದೇವರಮನೆಯ ದೀಪದ ಹಾಗೆ ಬೆಳಗುತ್ತಿದ್ದರು. ಮೈಥಿಲಿಯವರ ಓಲೆಯ ಕಲ್ಲು ಕೂಡ ಎಣಿಸಬಹುದಿತ್ತು. ಹಿಂದೆ ಎದೆಯಿಂದ ಮೇಲಕ್ಕೆ ನಾಲ್ಕು ಕತ್ತಲೆಗಳು ನಿಂತಿದ್ದವು. ಅವುಗಳ ತಲೆಯ ಮೇಲೆ ಆಕಾಶ ಮಾತ್ರ ಅದ್ಭುತವಾಗಿತ್ತು.

“ಊರಿಂದ ನಮ್ಮಕ್ಕ ಬೋರಮ್ಮ ಫೋನ್ ಮಾಡಿದ್ಲು” ಅಂದರು ಹುಚ್ಚಮ್ಮ. ದನಿ ಸಣ್ಣಗಿತ್ತು. “ಹೆಣ್ಣಿನ ಕಡೆಯೋರು ಲಕ್ಷಣವಾಗವ್ರೆ ಕಣೆ ಅಂದ್ಲು. ಆಮೇಲೆ ಕೇಳ್ತಾಳೆ, ಹಿಂದ್ಗಡೆ ಕತ್ತಲಲ್ಲಿ ನಿಂತಿರೋ ನಾಕು ಜನ ಯಾರವ್ವ, ಅವರ ಮನೆ ಕೆಲಸದೋರಾ ಅಂತ.”

ಬಾಣಲೆಯಲ್ಲಿ ಸಾಸಿವೆ ಸಿಡಿಯುವುದು ನಿಂತಿತು. ನವ್ಯಾ ಒಲೆ ಆರಿಸಿ ಇತ್ತ ತಿರುಗಿದಳು.

“ನಂಗೊಂದು ಹೇಳ್ಬುಡಿ. ಇದು ನೀವು ಬೇಕಂತ ಮಾಡಿದ್ದಾ, ಕೈತಪ್ಪಿ ಆಗಿದ್ದಾ?”

ಕೈತಪ್ಪು ಎಂಬ ಮೂರೂವರೆ ಅಕ್ಷರ ಸಾಕಾಗಿತ್ತು. ಎಲ್ಲರೂ ನಕ್ಕು ಉಪ್ಪಿಟ್ಟು ತಿನ್ನುತ್ತಿದ್ದರು, ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯೋಗಾನಂದನ ಕಣ್ಣಮುಂದೆ ಡಾಕ್ಟರು ತಲೆದೂಗುತ್ತಿದ್ದರು.

“ಬೇಕಂತಲೇ ಅತ್ತೆ” ಎಂದುಬಿಟ್ಟ. ಅಂದ ಮೇಲೆ ಸುಮ್ಮನಾಗಬೇಕಲ್ಲ? ವಿವರಿಸಲು ಹೊರಟ. “ಹಿಂದಿನ ಸಾಲು ಅಂದ್ರೆ ಬೆಟ್ಟ ಇದ್ದ ಹಾಗೆ. ಬೆಟ್ಟ ಯಾವತ್ತೂ ಗಂಭೀರವಾಗಿ, ಕಪ್ಪಗೆ ಇರಬೇಕು.”

“ನಾವು ಬೆಟ್ಟ. ಅವರು?”

“ಅವರು ಬೆಟ್ಟದ ಕೆಳಗಿನ ಹೂವಿನ ತೋಟ.”

“ಅಂಗಾ” ಅಂದರು ಹುಚ್ಚಮ್ಮ. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಅಪಾಯಕಾರಿಯಾದ ಮಾತು ಇನ್ನೊಂದಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುವಾಗ ಡಾಕ್ಟರ ಫೋನು ಬಂತು.

“ಯೋಗಾನಂದ ಅವರೇ, ಫೋಟೋನ ಮೂರು ಸಲ ನೋಡಿದೆ. ಮೊದಲ್ನೇ ಸಲ ಏನೋ ತಪ್ಪಾಗಿದೆ ಅನ್ನಿಸ್ತು. ಆಮೇಲೆ ನಿಮ್ಮ ಮಾತು ಜ್ಞಾಪಕಕ್ಕೆ ಬಂತು. ಬೇಕಂತ ಇಡದೇ ಇರೋದು ಒಂದು ಚುಕ್ಕೆನೂ ಇರಲ್ಲ. ಆವಾಗ ಅರ್ಥವಾಯ್ತು.”

“ಏನರ್ಥವಾಯ್ತು ಸಾರ್?” ಎಂದು ಯೋಗಾನಂದ ನಿಜವಾದ ಕುತೂಹಲದಿಂದ ಕೇಳಿದ.

“ಬಾಯಲ್ಲಿ ಹೇಳಕ್ಕಾಗದ್ದನ್ನ ನೀವು ಬೆಳಕಲ್ಲಿ ಹೇಳಿದ್ರಿ. ನಾವು ಅರಾಮಾಗಿ ಕೂತ್ವಿ. ಪಾಪ ನಿಮ್ಮ ಅತ್ತೆ ಮಾವ ನಿಂತ್ರು. ಅವರ ಮನಸ್ಸಿನ ಕತ್ತಲೆ ಎಷ್ಟು ಸೂಕ್ಷ್ಮವಾಗಿ ತೋರ್ಸಿದೀರಿ!”

ಹಿಂದಿನಿಂದ ಮೈಥಿಲಿಯವರ ದನಿ ಕೇಳಿಸಿತು. “ನಾನು ಆವತ್ತೇ ಅಂದೆ, ಏಳೋಣಾರೀ ಅಂತ. ಭುಜ ಅದುಮಿದ್ರು ಅಂತ ಕೂತ್ಕೊಂಡುಬಿಡೋದೇ? ಉಪಚಾರಕ್ಕೆ ಅಂದಿದ್ದನ್ನ ಉಪಚಾರ ಅಂತ ತಿಳ್ಕೋಬೇಡ್ವೇ?”

“ಹಾಗೇನಿಲ್ಲ ಸಾರ್...”

“ಹಾಗಾದ್ರೆ ಅದು ಕೈತಪ್ಪಾ?”

ಒಂದೇ ದಿನದಲ್ಲಿ ಎರಡನೇ ಸಲ ಬಾಗಿಲು ತೆರೆದು ನಿಂತಿತ್ತು. ಯೋಗಾನಂದ ಎರಡನೇ ಸಲವೂ ಪಕ್ಕದ ಗೋಡೆಗೆ ನಡೆದುಕೊಂಡು ಹೋದ. “ಕೈತಪ್ಪು ಅಂತ... ಅಲ್ಲ.”

“ಸಾಕು, ತಿಳೀತು” ಎಂದು ಡಾಕ್ಟರು ಫೋನಿಟ್ಟರು.

ಸಂಜೆ ಸ್ಯಾನ್ ಮಟಿಯೋದಿಂದ ಗಂಡ ಹೆಂಡತಿ ಇಬ್ಬರೂ ಹುಚ್ಚಮ್ಮನಿಗೆ ಫೋನ್ ಮಾಡಿ, ನಮ್ಮಿಂದ ತಪ್ಪಾಯ್ತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಆರು ಸಲ ಹೇಳಿದರು. ಒಳ್ಳೆಯ ಜನ. ಅವರು ಅಷ್ಟು ಒಳ್ಳೆಯವರಲ್ಲದೆ ಇದ್ದಿದ್ದರೆ ಕೆಲಸ ಇಷ್ಟು ಕೆಡುತ್ತಿರಲಿಲ್ಲ. ಹುಚ್ಚಮ್ಮ ಫೋನು ಕೆಳಗಿಟ್ಟು ಸೋಫಾದ ಮೇಲೆ ನೆಟ್ಟಗೆ ಕೂತರು.

“ಕೇಳಿಸ್ಕಂಡ್ರಾ? ತಪ್ಪಾಯ್ತು ಅಂತವ್ರೆ. ತಪ್ಪು ಮಾಡ್ದೆ ಯಾರಾದ್ರೂ ತಪ್ಪಾಯ್ತು ಅಂತಾರಾ? ಅಂದ್ರೆ ಅವ್ರೇ ಹೇಳಿ ಮಾಡ್ಸವ್ರೆ! ಅವತ್ತು ಊಟದಲ್ಲಿ ನಮ್ಮ ಅಳೀಮಯ್ಯನ್ನ ಹೊಗಳಿ ಹೊಗಳಿ ಇಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು.”

“ಅಯ್ಯೋ ಅತ್ತೆ, ನನಗೆ ಯಾರೂ ಏನೂ ಹೇಳಿಲ್ಲ!”

“ಹಂಗಾರೆ ನೀವಾಗೇ ಮಾಡಿದ್ರಾ?”

ಇದಕ್ಕೆ ಹೂಂ ಅಂದರೂ ಕಷ್ಟ, ಊಹೂಂ ಅಂದರೂ ಕಷ್ಟ. ಯೋಗಾನಂದ ನೀರು ಕುಡಿಯಲು ಎದ್ದು ಹೋದ. ಆ ವಾರವೆಲ್ಲ ಅವನು ತುಂಬಾ ನೀರು ಕುಡಿದ.

ಮಂಗಳವಾರ ಲೋಹಿತ್ ಓಡಿಬಂದ. ಗಡ್ಡ ಬೋಳಿಸಿರಲಿಲ್ಲ. “ಭಾವ, ನನ್ನ ಮದ್ವೆ ನಿಮ್ಮ ಕೈಯಲ್ಲಿದೆ. ಆ ಗಾಜು ಕೆಳಕ್ಕೆ ಬಿದ್ದು ಒಡೆದೋಯ್ತು ಅಂದ್ಬಿಡಿ. ಇನ್ನೊಂದು ಫೋಟೋ ನಾನೇ ಫೋನಲ್ಲಿ ತೆಗೀತೀನಿ.”

“ನನ್ನ ಕೈಯಿಂದ ಯಾವುದೂ ಬೀಳಲ್ಲ ಲೋಹಿತ್” ಅಂದ ಯೋಗಾನಂದ.

“ಹಂಗಾದ್ರೆ ನಾನೇ ಬೀಳಿಸ್ತೀನಿ, ಎಲ್ಲಿದೆ ಕೊಡಿ.”

ದಾರಿ ತೋರಿಸಿದವರು ಶಿವರಾಮು. ಮೂವತ್ತೊಂದು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ ನೀರು ಹಂಚಿದವರು. ತೂಬಿನ ಮೇಲೆ ನಿಂತು ಮಚ್ಚು ಹಿಡಿದವರನ್ನೂ ಮಾತಾಡಿಸಿ ಮನೆಗೆ ಕಳಿಸಿದವರು. ಅವರು ಕೆಮ್ಮಿ, ಟಿವಿ ಆರಿಸಿ ಹೇಳಿದರು:

“ಇದ್ರಲ್ಲಿ ಜಗಳ ಏನೈತೆ? ಸರದಿ ಇಟ್ಕಳದು. ಒಂದು ಸಲ ಮೇಲಿನ ಗದ್ದೆಗೆ ನೀರು, ಒಂದು ಸಲ ಕೆಳಗಿನ ಗದ್ದೆಗೆ. ಮೊನ್ನೆ ಅವರು ಕೂತ್ರು ನಾವು ನಿಂತ್ವಿ. ಈ ಶನಿವಾರ ನಾವು ಕೂರ್ತೀವಿ ಅವರು ನಿಲ್ಲಲಿ. ಎರಡು ಫೋಟೋನೂ ಊರಿಗೆ ಕಳಿಸೋಣ. ಸಮ ಆಯ್ತದೆ.”

“ಆಗ್ಲಿ ಮಾವ” ಎಂದು ಯೋಗಾನಂದ ಜೀವ ಬಂದವನಂತೆ ಎದ್ದ. “ಈ ಸಲ ಗಾಜಿಲ್ದೆ ತೆಗೀತೀನಿ.”

“ಯಾಕೆ?” ಹುಚ್ಚಮ್ಮ ಕೇಳಿದರು. “ನಾವು ನಿಂತಾಗ ಗಾಜು, ಅವರು ನಿಂತಾಗ ಗಾಜಿಲ್ವಾ?”

“ಗಾಜು ಇರ್ಲೇಬೇಕು ಕಣಪ್ಪ” ಎಂದು ಶಿವರಾಮು ತೀರ್ಪು ಕೊಟ್ಟರು. “ತೂಬು ಬದಲಾಯಿಸ್ಬುಟ್ರೆ ಅದು ಸರದಿ ಹೆಂಗಾಯ್ತದೆ?”

ಸ್ಯಾನ್ ಮಟಿಯೋಗೆ ಹೇಳಿಕಳಿಸಿದರೆ ಅವರು ಬೇಡ ಅನ್ನಬಹುದು ಎಂದು ಲೋಹಿತನಿಗೆ ಕೊನೆಯ ಆಸೆ ಇತ್ತು. ಅವರು ಕೂಡಲೇ ಒಪ್ಪಿದರು. “ಎಷ್ಟು ಕಪ್ಪಗೆ ಬೇಕಾದ್ರೂ ತೆಗೀಲಿ, ನಾವು ನಿಲ್ತೀವಿ” ಅಂದರಂತೆ ಡಾಕ್ಟರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅದೇ ದಿಬ್ಬ, ಅದೇ ಬೆಂಚು. ಆದರೆ ಆಕಾಶವೇ ಇರಲಿಲ್ಲ. ಸಮುದ್ರದಿಂದ ಮಂಜು ಎದ್ದು ಬಂದು ನೀರು, ಬಂಡೆ, ದಿಗಂತ ಎಲ್ಲವನ್ನೂ ನುಂಗಿ, ಬೆಂಚಿನ ಹಿಂದೆ ಹತ್ತು ಹೆಜ್ಜೆಗೆ ಬಂದು ನಿಂತಿತ್ತು. ಮೇಲೆ ಕೆಳಗೆ ಒಂದೇ ಬೂದು ಬೆಳಕು. ಹಿಡಿಯುವುದಕ್ಕೆ ಆಕಾಶವೇ ಇಲ್ಲದ ಮೇಲೆ ಆ ಗಾಜಿಗೆ ಏನು ಕೆಲಸ? ಯಾವ ಫೋಟೋಗ್ರಾಫರೂ ಚೀಲದಿಂದ ಅದನ್ನು ಹೊರಗೆ ತೆಗೆಯುವ ಹವೆಯಲ್ಲ. ಆದರೆ ಅವತ್ತು ಎರಡು ಮನೆತನಗಳು ಆ ಗಾಜನ್ನು ನೋಡಲೆಂದೇ ಬಂದಿದ್ದವು. ಯೋಗಾನಂದ ಅದನ್ನು ಹೊರಗೆ ತೆಗೆದಾಗ ಎಲ್ಲರೂ ಮಂಗಳಾರತಿ ಬಂದಂತೆ ಮಾತು ನಿಲ್ಲಿಸಿದರು.

ಹಿಂದಿನ ಸಾಲಿನಲ್ಲಿ ಡಾಕ್ಟರು ಇಂಜೆಕ್ಷನ್ನಿಗೆ ತೋಳು ಕೊಟ್ಟವರ ಹಾಗೆ ಗದ್ದ ಎತ್ತಿ ನಿಂತಿದ್ದರು. ಪಕ್ಕದಲ್ಲಿ ಮೈಥಿಲಿಯವರು, ಮಾನ್ಯಾ. ಬೆಂಚಿನ ಮೇಲೆ ಗಂಡಿನ ಕಡೆಯ ನಾಲ್ವರು ಒತ್ತಿಕೊಂಡು ಕೂತಿದ್ದರು. ಹುಚ್ಚಮ್ಮ ಗೆದ್ದವರ ಹಾಗೆ ಕೂರಬೇಕೆಂದು ಮನೆಯಿಂದ ತೀರ್ಮಾನಿಸಿಕೊಂಡು ಬಂದಿದ್ದರೂ ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ನಗು ಒಬ್ಬರ ಮುಖದಲ್ಲೂ ಇರಲಿಲ್ಲ.

ಮಂಜಿನೊಳಗಿಂದ ಅಗಲ ಟೊಪ್ಪಿಯ ಪಾರ್ಕ್ ರೇಂಜರ್ ಒಬ್ಬ ಪ್ರತ್ಯಕ್ಷನಾದ. ಏಳು ಜನರ ಮುಖ ನೋಡಿದ, ರೇಷ್ಮೆ ಸೀರೆ ನೋಡಿದ, ತನ್ನ ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡ. ತೀರಾ ಮೆದುವಾದ ಇಂಗ್ಲಿಷಿನಲ್ಲಿ, ನಿಮಗಾದ ನಷ್ಟಕ್ಕೆ ನನಗೂ ದುಃಖವಿದೆ, ಆದರೆ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಬೇಕಾದರೆ ಮುಂಚೆಯೇ ಪರ್ಮಿಟ್ ತೆಗೆದುಕೊಳ್ಳಬೇಕು ಎಂದು ಹೇಳಿದ.

“ನೋ ಸರ್” ಅಂದ ಲೋಹಿತ್. “ಇದು ನನ್ನ ಎಂಗೇಜ್‌ಮೆಂಟ್ ಫೋಟೋ.”

ರೇಂಜರ್ ಇನ್ನೊಂದು ಸಲ ಮುಂದಿನ ಸಾಲು, ಹಿಂದಿನ ಸಾಲು ನೋಡಿದ. “ಕಂಗ್ರಾಚುಲೇಷನ್ಸ್” ಎಂದು ಅದೇ ದುಃಖದ ದನಿಯಲ್ಲಿ ಹೇಳಿ ಮಂಜಿನೊಳಗೆ ಹೊರಟುಹೋದ.

“ಏನಂದ ಅವನು?” ಎಂದು ಶಿವರಾಮು ಕೇಳಿದರು.

“ಒಳ್ಳೇದಾಗಲಿ ಅಂದ” ಅಂದಳು ನವ್ಯಾ.

“ಗಾಜು ಹಾಕಿ ಅಳೀಮಯ್ಯ.”

“ಹಾಕಿ ಯೋಗಾನಂದ ಅವರೇ. ನಾವು ತಯಾರು.”

ಯೋಗಾನಂದ ಕ್ಯಾಮೆರಾದಲ್ಲಿ ಇಣುಕಿದ. ಇವತ್ತು ಅಲ್ಲಿ ನೋಡಲು ಬೇರೆ ಏನೂ ಇಲ್ಲದ್ದರಿಂದ ಮುಖಗಳು ಕಂಡವು. ಮೈಥಿಲಿಯವರ ಕಣ್ಣಲ್ಲಿ ನೀರಾಡುತ್ತಿತ್ತು. ಗಾಳಿಗೆ ಇರಬಹುದು. ಡಾಕ್ಟರು ಎತ್ತಿದ ಗದ್ದ ಇನ್ನೂ ಇಳಿಸಿರಲಿಲ್ಲ. ಮಾನ್ಯಾ ಸಾಲಿನಲ್ಲೇ ಇರಲಿಲ್ಲ. ಯಾವಾಗಲೋ ಇಳಿದುಬಂದು ಅವನ ಪಕ್ಕದಲ್ಲಿ ನಿಂತಿದ್ದಳು. ಗಾಜನ್ನೊಮ್ಮೆ ನೋಡಿದಳು, ಬೆಂಚನ್ನೊಮ್ಮೆ ನೋಡಿದಳು.

“ಭಾವ, ಆವತ್ತು ನೀವು ಫೇಸಸ್ ನೋಡಲೇ ಇಲ್ಲ, ಅಲ್ವಾ? ಸ್ಕೈ ಮಾತ್ರ ಚೆಕ್ ಮಾಡಿ ಕಳ್ಸಿಬಿಟ್ರಿ.”

ಯೋಗಾನಂದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕುಡಿಯಲು ನೀರೂ ಇರಲಿಲ್ಲ.

“ಪ್ಲೀಸ್, ಹೇಳ್ಬಿಡಿ. ನೀವು ಈ ಫೋಟೋ ತೆಗೆದ್ರೆ ಅಮ್ಮ ಇದನ್ನ ಲೈಫ್ ಲಾಂಗ್ ಮರೆಯಲ್ಲ. ನಮ್ಮ ಮದ್ವೆ ಆಗಲ್ಲ ಭಾವ.”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಯೋಗಾನಂದ ಒಂದು ತಪ್ಪು ಹುಡುಕಿ ಅದರ ಮುಂದೆ ತನ್ನ ಹೆಸರು ಬರೆದ. ಗಾಜನ್ನು ಜೇಬಿಗೆ ಹಾಕಿ ಬೆಂಚಿನ ಮುಂದೆ ಹೋಗಿ ನಿಂತ.

“ಎಲ್ರೂ ಕ್ಷಮಿಸಬೇಕು. ಅದು ಬೇಕಂತ ಮಾಡಿದ್ದಲ್ಲ. ಅತ್ತೆಗೂ ಬೇಜಾರಿರಲಿಲ್ಲ, ಡಾಕ್ಟರೂ ಏನೂ ಹೇಳಿಕೊಟ್ಟಿರಲಿಲ್ಲ. ನಾನು ಆಕಾಶ ನೋಡ್ತಾ ಇದ್ದೆ, ಯಾರ ಮುಖಾನೂ ನೋಡಲಿಲ್ಲ. ಪೂರಾ ನನ್ನ ಕೈತಪ್ಪು.”

ದೂರದಲ್ಲೆಲ್ಲೋ ಹಡಗೊಂದು ಮಂಜಿನಲ್ಲಿ ಕೂಗಿತು. ಡಾಕ್ಟರು ಮೆಲ್ಲಗೆ ಬೆಂಚನ್ನು ಬಳಸಿಕೊಂಡು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಎಂಥಾ ಮನುಷ್ಯರು ನೀವು!” ಅಂದರು. “ಎರಡು ಮನೆ ಒಂದಾಗಲಿ ಅಂತ ತಮ್ಮ ಸಾಧನೇನೇ ಸುಳ್ಳು ಅಂದುಬಿಟ್ರಲ್ಲ!”

“ಇಲ್ಲ ಸಾರ್, ನಿಜವಾಗ್ಲೂ...”

“ಸಾಕು ಬಿಡಿ ಅಳೀಮಯ್ಯ!” ಹುಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. “ಇಲ್ಲದ ತಪ್ಪನ್ನ ನಿಮ್ಮ ಮೇಲೆ ಯಾಕೆ ಹಾಕ್ಕತೀರಾ? ಯಾರೂ ಮಾಡಿಲ್ಲ. ನನ್ನ ಮನಸಲ್ಲೇ ಕೊಳೆ ಇತ್ತು. ಮೈಥಿಲಮ್ಮ, ಬನ್ನಿ ಇಲ್ಲಿ, ಕೂತ್ಕಳಿ. ನೀವು ನಿಂತಿದ್ರೆ ನಂಗೆ ಬೆಂಚು ಸುಡ್ತದೆ.”

“ನೀವು ಕೂತ್ಕೊಂಡ್ರೆ ನಾನೂ ಕೂತ್ಕೋತೀನಿ ಹುಚ್ಚಮ್ಮನವರೇ.”

“ಅತ್ತೆ, ದಯವಿಟ್ಟು ಕೇಳಿ, ತಪ್ಪು ನಂದೇ! ನಾನು ನೋಡಲೇ ಇಲ್ಲ!”

“ನೋಡಿದ್ರಾ, ಇನ್ನೂ ತನ್ನ ಮೇಲೇ ಹಾಕ್ಕೊತಾ ಅವ್ರೆ” ಎಂದು ಶಿವರಾಮು ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದರು. ಅವನು ಹೆಚ್ಚು ಹೇಳಿದಷ್ಟೂ ಅವರು ಹೆಚ್ಚು ಕರಗಿದರು. ಯೋಗಾನಂದನ ಬಾಯಿಂದ ಆ ಎರಡು ವಾರದಲ್ಲಿ ಬಂದ ಒಂದೇ ಒಂದು ನಿಜ ಅದು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಎಲ್ಲರೂ ನಂಬಿದ್ದರು.

ಇಬ್ಬರು ಬೀಗಿತ್ತಿಯರು ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಅಲ್ಲೇ ಮದುವೆಗೆ ನವೆಂಬರಿನ ಒಂದು ತಾರೀಕು ಗೊತ್ತಾಯಿತು. ಮಾನ್ಯಾ ಲೋಹಿತನ ಪಕ್ಕಕ್ಕೆ ಹೋಗಿ ನಿಂತಳು, ಯಾರೂ ಬೇಡ ಅನ್ನಲಿಲ್ಲ. ಗಾಜಿಲ್ಲದೆ ಯೋಗಾನಂದ ತೆಗೆದ ಫೋಟೋದಲ್ಲಿ ಎಲ್ಲರ ಮುಖವೂ ಒಂದೇ ಹದದ ಬೆಳಕಿನಲ್ಲಿ ಬಂತು. ಮಧ್ಯಾಹ್ನದ ಊಟಕ್ಕೆ ಹಿರಿಯರನ್ನೂ ಹುಡುಗನನ್ನೂ ಡಾಕ್ಟರು ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಹೊರಟರು. ಮೂರು ಕಾಲಿನ ಸ್ಟ್ಯಾಂಡು, ಚೀಲ ಹೇರಿಕೊಂಡು ಯೋಗಾನಂದ, ನವ್ಯಾ ಹಿಂದೆ ಹೊರಟರು.

ಕಾರು ಬೆಟ್ಟದ ತಿರುವುಗಳನ್ನು ದಾಟಿ ಫ್ರೀವೇ ಹತ್ತಿತು. ಮಂಜು ಹಿಂದೆ ಉಳಿದು ಬಿಸಿಲು ಬಂತು.

“ಎಷ್ಟು ಹೇಳಿದ್ರೂ ಒಬ್ರೂ ನಂಬಲಿಲ್ಲ” ಅಂದ ಯೋಗಾನಂದ. ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು.

“ನಾನು ನಂಬಿದೆ” ಅಂದಳು ನವ್ಯಾ.

“ಅಬ್ಬ! ನೀನೊಬ್ಬಳಾದ್ರೂ...”

“ಸೋಮವಾರ ನೀವು ಬೇಕಂತ ಮಾಡಿದ್ದು ಅಂದಾಗ ನನಗೆ ಒಂಥರಾ ಸಮಾಧಾನವಾಗಿತ್ತು. ಬೇಕಂತ ಕಪ್ಪು ಮಾಡೋಕ್ಕಾದ್ರೂ ಒಂದ್ಸಲ ಮುಖ ನೋಡಿರ್ಬೇಕಲ್ಲ ಅಂತ.” ಅವಳು ಕಿಟಕಿಯ ಗಾಜು ಒಂದಿಷ್ಟು ಇಳಿಸಿದಳು. “ಆ ಹಿಂದಿನ ಸಾಲಲ್ಲಿ ನಾನೂ ಇದ್ದೆ ರೀ.”

ಯೋಗಾನಂದ ಗಾಬರಿಯಿಂದ ಅವಳ ಮುಖ ನೋಡಲು ತಿರುಗಿದ.

“ಈಗ ರಸ್ತೆ ನೋಡಿ” ಅಂದಳು ನವ್ಯಾ.